ಜೀನ್ ಸುಮ್ಮನಾಗಿಸುವ ಇಂಜೆಕ್ಷನ್ ನಮ್ಮ ಮಗುವಿಗೆ ಆಗುತ್ತಾ?

ಪ್ರಶ್ನೆ: ಡಾಕ್ಟರೇ, ನಮ್ಮೂರು ರಾಣೆಬೆನ್ನೂರಿನ ಹತ್ತಿರ. ಮಗನಿಗೆ ಐದು ವರ್ಷ, ತೂಕ 17 ಕೆ.ಜಿ. ಎರಡೂ ಕಿಡ್ನಿಯಲ್ಲಿ ಮತ್ತೆ ಮತ್ತೆ ಕಲ್ಲಾಗುತ್ತಿತ್ತು. ಕೊನೆಗೆ ಜೀನ್ ಟೆಸ್ಟ್ ಮಾಡಿಸಿದಾಗ ‘ಪ್ರೈಮರಿ ಹೈಪರ್‌ಆಕ್ಸಲೂರಿಯಾ ಟೈಪ್ 1’ ಎಂದು ಬಂದಿದೆ. ನನ್ನದು ಸೋದರಮಾವನ ಜೊತೆ ಆದ ಮದುವೆ. ಹೊರದೇಶದಲ್ಲಿ ಇದಕ್ಕೆ ಜೀನನ್ನೇ ಸುಮ್ಮನಾಗಿಸುವ ಇಂಜೆಕ್ಷನ್ ಇದೆ ಎಂದು ನಮ್ಮ ಡಾಕ್ಟರ್ ಹೇಳಿದರು. ಅದು ಮಗುವಿನ ಜೀನ್ ಬದಲಾಯಿಸಿಬಿಡುತ್ತಾ? ಮುಂದೆ ಅವನ ಮಕ್ಕಳಿಗೆ ತೊಂದರೆ ಆಗುತ್ತಾ? ಜೀವನಪೂರ್ತಿ ಚುಚ್ಚಿಸಬೇಕಾ? ನಮ್ಮ ಓಣಿಯಲ್ಲಿ ಹಿಮೋಫಿಲಿಯಾ (ರಕ್ತ ಸರಿಯಾಗಿ ಹೆಪ್ಪುಗಟ್ಟದ ಕಾಯಿಲೆ) ಇರುವ ಹುಡುಗನೊಬ್ಬ ಇದ್ದಾನೆ, ಅದಕ್ಕೂ ಇಂಥದ್ದೇ ಬಂದಿದೆಯಂತೆ, ನಿಜವೇ? ನಮಗೆ ಒಂದು ವರ್ಷದ ಮಗಳೂ ಇದ್ದಾಳೆ. ಈಗ ನಾವು ಏನು ಮಾಡಬೇಕು?

ಉತ್ತರ: ಮೊದಲು ನಿಮ್ಮ ದೊಡ್ಡ ಭಯಕ್ಕೆ ಉತ್ತರ ಹೇಳಿಬಿಡುತ್ತೇನೆ. ಈ ಇಂಜೆಕ್ಷನ್ ಮಗನ ಜೀನನ್ನು ಬದಲಾಯಿಸುವುದಿಲ್ಲ. ಅವನು ದೊಡ್ಡವನಾಗಿ ಮದುವೆಯಾದಾಗ ಹುಟ್ಟುವ ಮಕ್ಕಳಿಗೆ ಇದರಿಂದ ಏನೂ ದಾಟುವುದಿಲ್ಲ. ಔಷಧಿ ನಿಲ್ಲಿಸಿದರೆ ಕೆಲವು ತಿಂಗಳಲ್ಲಿ ಅದರ ಪ್ರಭಾವ ಇಳಿದುಹೋಗುತ್ತದೆ. ಮಕ್ಕಳ ಔಷಧಿಯಲ್ಲಿ ಇದು ದೊಡ್ಡ ಸಮಾಧಾನ. ಆದರೆ ಇದೇ ಕಾರಣಕ್ಕೆ ಇಂಜೆಕ್ಷನ್ ಮತ್ತೆ ಮತ್ತೆ ಬೇಕಾಗುತ್ತದೆ. ಅದನ್ನು ಮುಂದೆ ಹೇಳುತ್ತೇನೆ.

ನಿಮ್ಮ ಡಾಕ್ಟರ್ ಹೇಳಿದ ಔಷಧಿಯ ಹೆಸರು ಲುಮಾಸಿರಾನ್. ಆಕ್ಸ್‌ಲುಮೊ ಎಂಬ ಬ್ರಾಂಡಿನಲ್ಲಿ ಬರುತ್ತದೆ. 2020ರ ನವೆಂಬರ್‌ನಲ್ಲಿ ಯುರೋಪ್ ಮತ್ತು ಅಮೆರಿಕ ಎರಡೂ ಕಡೆ ಇದಕ್ಕೆ ಅನುಮತಿ ಸಿಕ್ಕಿತು. ದೊಡ್ಡವರಿಗೆ ಮಾತ್ರ ಅಲ್ಲ, ಎಳೆ ಮಕ್ಕಳಿಗೂ ಸೇರಿ. ಇಂಥ ಔಷಧಿಗಳು ಸಾಮಾನ್ಯವಾಗಿ ಮೊದಲು ದೊಡ್ಡವರಿಗೆ ಬಂದು, ಮಕ್ಕಳ ಸರದಿ ಎಷ್ಟೋ ವರ್ಷಗಳ ಮೇಲೆ ಬರುತ್ತದೆ. ಇಲ್ಲಿ ಹಾಗಾಗಲಿಲ್ಲ. ಈ ಕಾಯಿಲೆ ಮಕ್ಕಳನ್ನೇ ಮೊದಲು ಹಿಡಿಯುವುದರಿಂದ ಮಕ್ಕಳ ಮೇಲಿನ ಪರೀಕ್ಷೆಗಳನ್ನೂ ಜೊತೆಜೊತೆಗೇ ನಡೆಸಿದರು.

ಇದು ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿಯಬೇಕಾದರೆ ನಿಮ್ಮ ಮಗನ ಲಿವರ್‌ನಲ್ಲಿ ಏನಾಗುತ್ತಿದೆ ಎಂದು ನೋಡಬೇಕು. ಹೌದು, ಲಿವರ್‌ನಲ್ಲಿ. ಕಲ್ಲು ಕಿಡ್ನಿಯಲ್ಲಿದ್ದರೂ ಕಾಯಿಲೆ ಇರುವುದು ಲಿವರ್‌ನಲ್ಲಿ.

ಎಲ್ಲರ ಲಿವರ್‌ನಲ್ಲೂ ಗ್ಲೈಕೊಲೇಟ್ ಎಂಬ ಸಣ್ಣ ಪದಾರ್ಥ ಇರುತ್ತದೆ. ಒಂದು ಕಿಣ್ವ ಅದನ್ನು ಗ್ಲೈಆಕ್ಸಿಲೇಟ್ ಆಗಿ ಮಾಡುತ್ತದೆ. ಈ ಗ್ಲೈಆಕ್ಸಿಲೇಟ್ ಹಾಗೇ ಉಳಿಯಬಾರದು. ಅದನ್ನು ಎಜಿಟಿ ಎಂಬ ಇನ್ನೊಂದು ಕಿಣ್ವ ಗ್ಲೈಸಿನ್ ಆಗಿ ಬದಲಿಸಿ ದೇಹಕ್ಕೆ ಉಪಯೋಗವಾಗುವಂತೆ ಮಾಡುತ್ತದೆ. ಎಜಿಟಿ ಮಾಡುವ ಜೀನಿನ ಹೆಸರು ಎಜಿಎಕ್ಸ್‌ಟಿ. ನಿಮ್ಮ ಮಗನಿಗೆ ಅದರ ಎರಡೂ ಪ್ರತಿ ಕೆಟ್ಟಿವೆ. ಒಂದು ನಿಮ್ಮಿಂದ ಬಂದದ್ದು, ಇನ್ನೊಂದು ನಿಮ್ಮ ಯಜಮಾನರಿಂದ. ಆಗ ಉಳಿದ ಗ್ಲೈಆಕ್ಸಿಲೇಟ್ ದಾರಿ ತಪ್ಪಿ ಆಕ್ಸಲೇಟ್ ಆಗುತ್ತದೆ. ಆಕ್ಸಲೇಟ್ ನಮ್ಮ ದೇಹಕ್ಕೆ ಯಾವ ಉಪಯೋಗಕ್ಕೂ ಬಾರದು. ಅದನ್ನು ಒಡೆಯುವ ಕಿಣ್ವವೂ ಮನುಷ್ಯರ ದೇಹದಲ್ಲಿಲ್ಲ. ಕಿಡ್ನಿ ಹೊರಹಾಕಬೇಕು, ಅಷ್ಟೇ. ಹೊರಹೋಗುವಾಗ ಅದು ಕ್ಯಾಲ್ಸಿಯಂ ಜೊತೆ ಸೇರಿ ಹರಳಾಗುತ್ತದೆ. ಹರಳು ಸೇರಿ ಕಲ್ಲು. ಕಲ್ಲಿಗಿಂತ ಅಪಾಯ ಏನೆಂದರೆ, ಅದೇ ಹರಳು ಕಿಡ್ನಿಯ ಮಾಂಸದೊಳಗೇ ಕೂರುತ್ತದೆ. ಸ್ಕ್ಯಾನ್ ವರದಿಯಲ್ಲಿ ‘ನೆಫ್ರೋಕ್ಯಾಲ್ಸಿನೋಸಿಸ್’ ಎಂದು ಬರೆದಿದ್ದರೆ ಅದು ಇದೇ.

ಕಿಡ್ನಿ ಸೋಲುತ್ತಾ ಬಂದಂತೆ ಆಕ್ಸಲೇಟ್ ಹೊರಹೋಗುವುದು ಕಡಿಮೆಯಾಗಿ ರಕ್ತದಲ್ಲಿ ಏರುತ್ತದೆ. ಆಮೇಲೆ ಮೂಳೆ, ಕಣ್ಣಿನ ಪರದೆ, ಹೃದಯದ ಸ್ನಾಯು ಎಲ್ಲೆಡೆ ಹೋಗಿ ಕೂರುತ್ತದೆ. ಲಿವರ್ ಹಗಲೂ ರಾತ್ರಿ ಮಾಡುವಷ್ಟು ಆಕ್ಸಲೇಟನ್ನು ಸಾಮಾನ್ಯ ಡಯಾಲಿಸಿಸ್ ತೆಗೆಯಲಾರದು. ಆದ್ದರಿಂದಲೇ ಇಷ್ಟು ದಿನ ಈ ಮಕ್ಕಳಿಗೆ ಲಿವರ್ ಮತ್ತು ಕಿಡ್ನಿ ಎರಡನ್ನೂ ಕಸಿ ಮಾಡಬೇಕಾಗುತ್ತಿತ್ತು. ಕಿಡ್ನಿ ಒಂದನ್ನೇ ಹಾಕಿದರೆ ಹಳೇ ಲಿವರ್ ಹೊಸ ಕಿಡ್ನಿಯನ್ನೂ ಹಾಳು ಮಾಡುತ್ತಿತ್ತು. ಚೆನ್ನಾಗಿ ಕೆಲಸ ಮಾಡುತ್ತಿರುವ, ಒಂದೇ ಒಂದು ಕಿಣ್ವ ಮಾತ್ರ ಇಲ್ಲದ ಲಿವರನ್ನು ಇಡಿಯಾಗಿ ತೆಗೆಯಬೇಕಾಗಿ ಬರುವುದು ತಂದೆತಾಯಿಗೂ ಕಷ್ಟ, ವೈದ್ಯರಿಗೂ ಕಷ್ಟ.

ಈಗ ಜೀನ್ ಸುಮ್ಮನಾಗಿಸುವ ವಿಷಯ. ಪಹಣಿಯ ಮೂಲ ದಾಖಲೆ ಸರ್ಕಾರದ ಬಳಿ ಭದ್ರವಾಗಿರುತ್ತದೆ, ಬ್ಯಾಂಕಿಗೆ ಸಾಲಕ್ಕೆ ಹೋಗುವಾಗ ನಾವು ಒಯ್ಯುವುದು ಅದರ ನಕಲನ್ನು, ಅಲ್ವಾ? ಜೀನೂ ಹಾಗೆಯೇ. ಮೂಲ ಪ್ರತಿ ಡಿಎನ್‌ಎ. ಅದು ಜೀವಕೋಶದ ನಡುವೆ, ಕೋಶಕೇಂದ್ರದಲ್ಲಿ ಇರುತ್ತದೆ. ಕೆಲಸಕ್ಕೆ ಹೊರಗೆ ಬರುವುದು ಅದರ ನಕಲು, ಮೆಸೆಂಜರ್ ಆರ್‌ಎನ್‌ಎ. ಆ ನಕಲನ್ನು ಓದಿಕೊಂಡು ಜೀವಕೋಶ ಕಿಣ್ವ ತಯಾರಿಸುತ್ತದೆ. ಲುಮಾಸಿರಾನ್ ಕೋಶಕೇಂದ್ರದ ಹೊರಗಿದ್ದುಕೊಂಡು ಆ ನಕಲನ್ನು ಕತ್ತರಿಸುತ್ತದೆ. ಮೂಲ ಪ್ರತಿಯನ್ನು ಮುಟ್ಟುವುದಿಲ್ಲ. ನಕಲು ಹರಿದುಹೋದರೆ ಕಿಣ್ವ ಆಗುವುದಿಲ್ಲ.

ಕತ್ತರಿಸುವ ಕತ್ತರಿಯೂ ಔಷಧಿಯದಲ್ಲ, ನಮ್ಮ ಜೀವಕೋಶದ್ದೇ. ಗಿಡ, ಹುಳ, ಪ್ರಾಣಿ ಎಲ್ಲದರಲ್ಲೂ ಈ ವ್ಯವಸ್ಥೆ ಹುಟ್ಟಿನಿಂದಲೇ ಇದೆ. 1998ರಲ್ಲಿ ಆಂಡ್ರ್ಯೂ ಫೈರ್ ಮತ್ತು ಕ್ರೇಗ್ ಮೆಲೊ ಒಂದು ಮಿಲಿಮೀಟರ್ ಉದ್ದದ ಹುಳದಲ್ಲಿ ಇದನ್ನು ತೋರಿಸಿಕೊಟ್ಟರು. ಜೋಡಿ ಎಳೆಯ ಆರ್‌ಎನ್‌ಎ ಒಳಗೆ ಬಿಟ್ಟರೆ, ಅದಕ್ಕೆ ಹೊಂದುವ ನಕಲುಗಳನ್ನೇ ಹುಡುಕಿ ಜೀವಕೋಶ ನಾಶ ಮಾಡುತ್ತದೆ. 2006ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಔಷಧಿ ಬರಲು ಮಾತ್ರ ಇನ್ನೂ ಹನ್ನೆರಡು ವರ್ಷ ಹಿಡಿಯಿತು. ಬರೀ ಆರ್‌ಎನ್‌ಎಯನ್ನು ರಕ್ತಕ್ಕೆ ಬಿಟ್ಟರೆ ನಿಮಿಷಗಳಲ್ಲಿ ಚೂರಾಗುತ್ತದೆ. ಬೇಕಾದ ಅಂಗಕ್ಕೆ ಹೋಗಿ ಸೇರುವುದೂ ಇಲ್ಲ. ಇದನ್ನು ದಾಟಲು ರಸಾಯನ ವಿಜ್ಞಾನಿಗಳು ಎರಡು ಕೆಲಸ ಮಾಡಿದರು. ಆರ್‌ಎನ್‌ಎ ಬೇಗ ಒಡೆಯದಂತೆ ಅದರ ರಚನೆಯನ್ನು ಅಲ್ಲಲ್ಲಿ ಬದಲಿಸಿದರು. ಜೊತೆಗೆ ಒಂದು ಬಗೆಯ ಸಕ್ಕರೆಯ ಅಣುವನ್ನು ಅಂಟಿಸಿದರು. ಲಿವರ್ ಜೀವಕೋಶಗಳ ಮೈಮೇಲೆ ಆ ಸಕ್ಕರೆಯನ್ನು ಹಿಡಿದುಕೊಳ್ಳುವ ಕೊಂಡಿಗಳು ಲಕ್ಷಗಟ್ಟಲೆ ಇವೆ. ಆದ್ದರಿಂದ ಚರ್ಮದ ಕೆಳಗೆ ಚುಚ್ಚಿದರೂ ಔಷಧಿ ನೇರವಾಗಿ ಲಿವರ್‌ಗೆ ಹೋಗುತ್ತದೆ. ಹೀಗೆ ಆರ್‌ಎನ್‌ಎ ನಕಲನ್ನು ಕತ್ತರಿಸುವ ಮೊತ್ತಮೊದಲ ಔಷಧಿ 2018ರ ಆಗಸ್ಟ್‌ನಲ್ಲಿ ಬಂತು. ಅದು ದೊಡ್ಡವರ ನರಗಳ ಕಾಯಿಲೆಯೊಂದಕ್ಕೆ.

ಇಲ್ಲಿ ತುಂಬಾ ಜನ ತಪ್ಪು ತಿಳಿಯುವ ವಿಷಯವೊಂದಿದೆ. ಸುಮ್ಮನಾಗಿಸುವುದು ನಿಮ್ಮ ಮಗನ ಕೆಟ್ಟ ಜೀನನ್ನಲ್ಲ. ಅದು ಮೊದಲೇ ಕೆಲಸ ಮಾಡುತ್ತಿಲ್ಲ, ಅದನ್ನು ಸುಮ್ಮನಾಗಿಸಿ ಏನೂ ಪ್ರಯೋಜನವಿಲ್ಲ. ಲುಮಾಸಿರಾನ್ ಸುಮ್ಮನಾಗಿಸುವುದು ಚೆನ್ನಾಗಿರುವ ಇನ್ನೊಂದು ಜೀನನ್ನು. ಅದರ ಹೆಸರು ಎಚ್‌ಎಒ1. ಗ್ಲೈಕೊಲೇಟನ್ನು ಗ್ಲೈಆಕ್ಸಿಲೇಟ್ ಮಾಡುವ ಮೊದಲ ಕಿಣ್ವ ಅದರದ್ದು. ಅದು ನಿಂತರೆ ಗ್ಲೈಆಕ್ಸಿಲೇಟ್ ಆಗುವುದೇ ಕಡಿಮೆ. ಆಕ್ಸಲೇಟೂ ಕಡಿಮೆ. ಮುಂದೆ ಹೋಗದೆ ಉಳಿದ ಗ್ಲೈಕೊಲೇಟ್ ನೀರಿನಲ್ಲಿ ಸುಲಭವಾಗಿ ಕರಗುತ್ತದೆ, ಹರಳಾಗದೆ ಮೂತ್ರದಲ್ಲಿ ಹೋಗುತ್ತದೆ.

ಆರೋಗ್ಯವಾಗಿರುವ ಜೀನನ್ನು ಮಗುವಿನಲ್ಲಿ ವರ್ಷಗಟ್ಟಲೆ ಸುಮ್ಮನಿಡಬಹುದೇ? ನನ್ನ ಪ್ರಕಾರ ಈ ಇಡೀ ಚಿಕಿತ್ಸೆಯಲ್ಲಿ ಕೇಳಲೇಬೇಕಾದ ಪ್ರಶ್ನೆ ಇದೇ. ಇದಕ್ಕೆ ಉತ್ತರ ಬಂದದ್ದು ಮನುಷ್ಯರಿಂದಲೇ. 2014ರಲ್ಲಿ ಇಸ್ರೇಲಿನ ವೈದ್ಯರು ಎಂಟು ವರ್ಷದ ಹುಡುಗನೊಬ್ಬನ ಬಗ್ಗೆ ಬರೆದರು. ಅವನಲ್ಲಿ ಎಚ್‌ಎಒ1 ಹುಟ್ಟಿನಿಂದಲೇ ಕೆಲಸ ಮಾಡುತ್ತಿರಲಿಲ್ಲ. ಮೂತ್ರದಲ್ಲಿ ಗ್ಲೈಕೊಲೇಟ್ ಜಾಸ್ತಿ ಇತ್ತು, ಆದರೆ ಅದರಿಂದ ಅವನಿಗೆ ಯಾವ ತೊಂದರೆಯೂ ಇರಲಿಲ್ಲ. ಆಮೇಲೆ 2020ರಲ್ಲಿ ಇನ್ನೊಂದು ವರದಿ ಬಂತು. ಪೂರ್ವ ಲಂಡನ್ನಿನಲ್ಲಿ ನೆಲೆಸಿರುವ ಪಾಕಿಸ್ತಾನಿ ಮತ್ತು ಬಾಂಗ್ಲಾದೇಶಿ ಮೂಲದವರ ಜೀನ್‌ಗಳನ್ನು ಅಭ್ಯಾಸ ಮಾಡುವ ದೊಡ್ಡ ಯೋಜನೆಯೊಂದಿದೆ. ಅದರಲ್ಲಿ ಎಚ್‌ಎಒ1ರ ಎರಡೂ ಪ್ರತಿ ಕೆಲಸ ಮಾಡದ ಒಬ್ಬ ಮಹಿಳೆ ಸಿಕ್ಕಿದರು. ಪೂರ್ತಿ ಆರೋಗ್ಯವಾಗಿದ್ದರು, ಮಕ್ಕಳ ತಾಯಿಯೂ ಆಗಿದ್ದರು. ರಕ್ತದಲ್ಲಿ ಗ್ಲೈಕೊಲೇಟ್ ಮಾಮೂಲಿಗಿಂತ ಹಲವು ಪಟ್ಟು ಇತ್ತು, ಅಷ್ಟೇ. ಆ ಯೋಜನೆ ಆ ಸಮುದಾಯಗಳನ್ನು ಆರಿಸಿಕೊಂಡ ಕಾರಣಗಳಲ್ಲಿ ಒಂದು, ಅವರಲ್ಲಿ ಸಂಬಂಧದೊಳಗಿನ ಮದುವೆ ಹೆಚ್ಚು ಎನ್ನುವುದು. ಒಂದೇ ಜೀನಿನ ಎರಡೂ ಪ್ರತಿ ನಿಂತುಹೋದವರು ಅಂಥ ಕುಟುಂಬಗಳಲ್ಲಿ ಸಿಗುವ ಸಾಧ್ಯತೆ ಜಾಸ್ತಿ. ನಿಮ್ಮ ಮನೆಯಲ್ಲಿ ಕಾಯಿಲೆಗೆ ದಾರಿಯಾದ ಅದೇ ಪದ್ಧತಿ, ಇನ್ನೊಂದು ಮನೆಯಲ್ಲಿ ಚಿಕಿತ್ಸೆ ಸುರಕ್ಷಿತ ಎನ್ನುವುದಕ್ಕೆ ಸಾಕ್ಷಿ ಕೊಟ್ಟಿತು.

ಮದುವೆಯ ವಿಷಯ ಬಂದಿದ್ದರಿಂದ ಹೇಳುತ್ತೇನೆ. ನಿಮ್ಮ ಪತ್ರದಲ್ಲಿ ಆ ಸಾಲನ್ನು ನೀವು ತಪ್ಪೊಪ್ಪಿಗೆ ಹಾಗೆ ಬರೆದಿದ್ದೀರಿ ಅನಿಸಿತು. ದಯವಿಟ್ಟು ಹಾಗೆ ನೋಡಬೇಡಿ. ನಮ್ಮ ಕಡೆ ತಲೆಮಾರುಗಳಿಂದ ನಡೆದುಬಂದ ಸಂಬಂಧ ಅದು, ಯಾರೂ ಯಾರಿಗೂ ಕೆಟ್ಟದ್ದು ಬಯಸಿ ಮಾಡಿದ್ದಲ್ಲ. ಸಂಬಂಧದಲ್ಲಿ ಮದುವೆಯಾಗದವರ ಮಕ್ಕಳಿಗೂ ಈ ಕಾಯಿಲೆ ಬರುತ್ತದೆ. ಮುಂದೆ ಗಮನ ಇಡಬೇಕಾದದ್ದು ಎರಡು. ನಿಮ್ಮಿಬ್ಬರಿಗೆ ಹುಟ್ಟುವ ಪ್ರತಿ ಮಗುವಿಗೂ ಈ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಮತ್ತೆ ಗರ್ಭಿಣಿಯಾದರೆ ಮೂರನೇ ತಿಂಗಳ ಹೊತ್ತಿಗೇ ಪರೀಕ್ಷೆ ಮಾಡಬಹುದು. ಎರಡನೆಯದು, ನಿಮ್ಮ ಮಗನಿಗೆ ಮುಂದೆ ಸಂಬಂಧದೊಳಗೆ ಹೆಣ್ಣು ತರಬೇಡಿ. ಅವನ ಎಲ್ಲ ಮಕ್ಕಳಿಗೂ ಕೆಟ್ಟ ಪ್ರತಿ ಒಂದು ಹೋಗುತ್ತದೆ, ಅದೊಂದರಿಂದ ಕಾಯಿಲೆ ಬರುವುದಿಲ್ಲ. ಅವನ ಹೆಂಡತಿಯಲ್ಲೂ ಅದೇ ಜೀನಿನ ಕೆಟ್ಟ ಪ್ರತಿ ಇದ್ದರೆ ಮಾತ್ರ ತೊಂದರೆ.

ಇಂಜೆಕ್ಷನ್ ಹೇಗೆ ಕೊಡುತ್ತಾರೆ ಎಂದು ಕೇಳಿಲ್ಲ, ಆದರೂ ತಾಯಿಗೆ ಅದು ಗೊತ್ತಿರಬೇಕು. ಹೊಟ್ಟೆ, ತೊಡೆ ಅಥವಾ ರಟ್ಟೆಯ ಚರ್ಮದ ಕೆಳಗೆ ಆಸ್ಪತ್ರೆಯಲ್ಲಿ ಕೊಡುತ್ತಾರೆ. ಅರಿವಳಿಕೆ ಬೇಡ, ಅಡ್ಮಿಟ್ ಆಗಬೇಕಾಗಿಲ್ಲ. ಪ್ರಮಾಣ ತೂಕದ ಮೇಲೆ. 10ರಿಂದ 20 ಕೆ.ಜಿ. ಒಳಗಿನ ಮಗುವಿಗೆ ಕೆ.ಜಿ.ಗೆ 6 ಮಿಲಿಗ್ರಾಂ. ನಿಮ್ಮ ಮಗನಿಗೆ ಲೆಕ್ಕ ಹಾಕಿದರೆ 102 ಮಿಲಿಗ್ರಾಂ, ಅಂದರೆ ಸಿರಿಂಜಿನಲ್ಲಿ ಅರ್ಧ ಮಿಲಿಲೀಟರ್‌ಗಿಂತ ಚೂರು ಜಾಸ್ತಿ. ಮೊದಲು ತಿಂಗಳಿಗೊಂದರಂತೆ ಮೂರು. ಮತ್ತೊಂದು ತಿಂಗಳು ಬಿಟ್ಟು, ಅಲ್ಲಿಂದ ಮೂರು ತಿಂಗಳಿಗೊಂದು. ಮೊದಲ ವರ್ಷ ಆರು ಸಲ, ಆಮೇಲೆ ವರ್ಷಕ್ಕೆ ನಾಲ್ಕು. 20 ಕೆ.ಜಿ. ದಾಟಿದ ಮೇಲೆ ಕೆ.ಜಿ.ಗೆ 3 ಮಿಲಿಗ್ರಾಂಗೆ ಇಳಿಯುತ್ತದೆ. 10 ಕೆ.ಜಿ. ಒಳಗಿನ ಕೂಸುಗಳಿಗೆ ಮಾತ್ರ ತಿಂಗಳಿಗೊಂದು ಬೇಕು.

ಫಲ ಹೇಗಿದೆ? ಆರು ವರ್ಷ ಮೇಲ್ಪಟ್ಟ 39 ಜನರ ಪರೀಕ್ಷೆಯಲ್ಲಿ, ಔಷಧಿ ಪಡೆದವರ ಮೂತ್ರದ ಆಕ್ಸಲೇಟ್ ಆರು ತಿಂಗಳಲ್ಲಿ ಸರಾಸರಿ ಶೇಕಡಾ 65ರಷ್ಟು ಇಳಿಯಿತು. ಅವರಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಜನರಿಗೆ ಅದು ಮಾಮೂಲಿ ಮಟ್ಟಕ್ಕೇ ಬಂತು. ಆರು ವರ್ಷದ ಒಳಗಿನ 18 ಮಕ್ಕಳಲ್ಲಿ ನಡೆದ ಇನ್ನೊಂದು ಪರೀಕ್ಷೆಯಲ್ಲಿ ಇಳಿತ ಶೇಕಡಾ 72. ಅವರಲ್ಲಿ ಮೂರು ತಿಂಗಳ ಕೂಸೂ ಇತ್ತು. ನಿಮ್ಮ ಮಗನ ವಯಸ್ಸಿಗೆ ಹೊಂದುವುದು ಈ ಎರಡನೆಯದು. ನನಗೆ ಇನ್ನೂ ಹೆಚ್ಚು ಸಂತೋಷ ಕೊಟ್ಟದ್ದು ಸ್ಕ್ಯಾನಿನ ಫಲಿತಾಂಶ. ಕೆಲವು ಮಕ್ಕಳಲ್ಲಿ ಕಿಡ್ನಿಯ ಮಾಂಸದೊಳಗೆ ಕೂತಿದ್ದ ಹರಳು ಕಡಿಮೆಯಾಗಿತ್ತು. ಕೂತ ಹರಳು ಕೂತಂತೆಯೇ ಎಂದು ನಂಬಿಕೊಂಡು ಬಂದ ನಮಗೆ ಅದು ಸಣ್ಣ ವಿಷಯವಲ್ಲ. ಕಿಡ್ನಿ ಪೂರ್ತಿ ಸೋತವರಲ್ಲೂ ರಕ್ತದ ಆಕ್ಸಲೇಟ್ ಇಳಿದಿದೆ. ಈ ಔಷಧಿಯ ಆಸರೆಯಲ್ಲಿ ಲಿವರ್ ಮುಟ್ಟದೆ ಕಿಡ್ನಿ ಮಾತ್ರ ಕಸಿ ಮಾಡಿದ ಉದಾಹರಣೆಗಳೂ ಬಂದಿವೆ.

ಅಡ್ಡಪರಿಣಾಮಗಳಲ್ಲಿ ಹೆಚ್ಚಾಗಿ ಕಂಡದ್ದು ಚುಚ್ಚಿದ ಜಾಗ ಕೆಂಪಾಗುವುದು, ನೋವು, ತುರಿಕೆ, ಒಮ್ಮೊಮ್ಮೆ ಹೊಟ್ಟೆನೋವು. ಆದರೆ ಒಂದನ್ನು ಮುಚ್ಚಿಡದೆ ಹೇಳಬೇಕು. ಆರು ವರ್ಷದ ಒಳಗಿನ ಮಕ್ಕಳ ಮೇಲಿನ ಪರೀಕ್ಷೆ ಶುರುವಾದದ್ದು 2019ರಲ್ಲಿ. ಕೂಸಾಗಿದ್ದಾಗಿನಿಂದ ಈ ಔಷಧಿ ಪಡೆದು ಮೀಸೆ ಮೂಡುವಷ್ಟು ದೊಡ್ಡವನಾದ ಹುಡುಗ ಇನ್ನೂ ಯಾರೂ ಇಲ್ಲ. ಇಲ್ಲಿಯವರೆಗೆ ಕಂಡದ್ದು ಧೈರ್ಯ ಕೊಡುವಂತಿದೆ, ಎಚ್‌ಎಒ1 ಇಲ್ಲದೆಯೇ ಬಾಳಿದ ಆ ಮಹಿಳೆಯ ಉದಾಹರಣೆಯೂ ಇದೆ. ಆದರೂ ಪ್ರತಿ ಭೇಟಿಯಲ್ಲಿ ಮಗುವಿನ ಎತ್ತರ, ತೂಕ, ಲಿವರ್ ಪರೀಕ್ಷೆ ಬರೆದಿಡಲೇಬೇಕು.

ಜೀವನಪೂರ್ತಿ ಬೇಕಾ ಎಂದು ಕೇಳಿದಿರಿ. ಈಗಿನ ಲೆಕ್ಕದಲ್ಲಿ ಹೌದು. ಕೆಟ್ಟ ಜೀನ್ ಹಾಗೇ ಉಳಿಯುವುದರಿಂದ ಇಂಜೆಕ್ಷನ್ ನಿಲ್ಲಿಸಿದರೆ ಆಕ್ಸಲೇಟ್ ಮತ್ತೆ ಏರುತ್ತದೆ. ಒಂದೇ ಸಲಕ್ಕೆ ಎಚ್‌ಎಒ1 ಜೀನನ್ನೇ ಕತ್ತರಿಸಿ ಶಾಶ್ವತವಾಗಿ ನಿಲ್ಲಿಸುವ ಪ್ರಯತ್ನಗಳು ನಡೆದಿವೆ. ಅವು ಇನ್ನೂ ಪರೀಕ್ಷೆಯ ಹಂತದವು. ಐದು ವರ್ಷದ ಮಗುವಿಗೆ ಹಿಂದಕ್ಕೆ ತೆಗೆದುಕೊಳ್ಳಲಾಗದ ಚಿಕಿತ್ಸೆಗಿಂತ, ಬೇಡವೆಂದರೆ ನಿಲ್ಲಿಸಬಹುದಾದ ಚಿಕಿತ್ಸೆಯನ್ನೇ ನಾನು ಇವತ್ತಿಗೆ ಆರಿಸುತ್ತೇನೆ.

ಇನ್ನು ನಿಮ್ಮ ಓಣಿಯ ಹುಡುಗ. ನೀವು ಕೇಳಿದ್ದು ನಿಜ. ಫಿಟುಸಿರಾನ್ ಎಂಬ ಔಷಧಿಗೆ 2025ರ ಮಾರ್ಚ್‌ನಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿದೆ. ಹಿಮೋಫಿಲಿಯಾ ಎ ಮತ್ತು ಬಿ ಎರಡಕ್ಕೂ, 12 ವರ್ಷ ಮೇಲ್ಪಟ್ಟವರಿಗೆ. ಇದೂ ಲಿವರ್‌ಗೆ ಹೋಗುವ ಅದೇ ಜಾತಿಯ ಔಷಧಿ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಆಂಟಿಥ್ರಾಂಬಿನ್ ಎಂಬ ಪ್ರೋಟೀನನ್ನು ಇದು ಕಡಿಮೆ ಮಾಡುತ್ತದೆ. ಹೆಪ್ಪುಗಟ್ಟಿಸುವ ಶಕ್ತಿ ಕಮ್ಮಿ ಇರುವವರಲ್ಲಿ ತಡೆಯುವ ಶಕ್ತಿಯನ್ನೂ ಇಳಿಸಿದರೆ ಎರಡೂ ಸರಿದೂಗುತ್ತವೆ ಎನ್ನುವುದು ವಿಚಾರ. ವಾರದಲ್ಲಿ ಎರಡು ಮೂರು ಸಲ ನರಕ್ಕೆ ಫ್ಯಾಕ್ಟರ್ (ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನ್) ಚುಚ್ಚಿಸಿಕೊಳ್ಳುವ ಹುಡುಗರಿಗೆ ಎರಡು ತಿಂಗಳಿಗೊಂದು ಇಂಜೆಕ್ಷನ್ ಎಂದರೆ ಎಷ್ಟು ಹಗುರ ಎಂದು ಆ ಮನೆಯವರನ್ನು ಕೇಳಿದರೆ ಗೊತ್ತಾಗುತ್ತದೆ.

ಆದರೆ ಇದು ನಿಮ್ಮ ಮಗನ ಔಷಧಿಯಷ್ಟು ಸರಳವಲ್ಲ. ಎಚ್‌ಎಒ1 ಇಲ್ಲದೆ ಮನುಷ್ಯ ಬಾಳಬಲ್ಲ. ಆಂಟಿಥ್ರಾಂಬಿನ್ ತೀರ ಇಳಿದರೆ ರಕ್ತನಾಳದಲ್ಲಿ ಹೆಪ್ಪುಗಟ್ಟಿ ಜೀವಕ್ಕೇ ಅಪಾಯ. 2017ರಲ್ಲಿ ಫಿಟುಸಿರಾನ್ ಪರೀಕ್ಷೆಯಲ್ಲಿದ್ದ ರೋಗಿಯೊಬ್ಬರು ಮಿದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿ ತೀರಿಕೊಂಡರು. ಪರೀಕ್ಷೆಯನ್ನು ಸ್ವಲ್ಪ ಕಾಲ ನಿಲ್ಲಿಸಿದರು. ಈಗ ರಕ್ತ ಪರೀಕ್ಷೆ ಮಾಡುತ್ತಾ ಆಂಟಿಥ್ರಾಂಬಿನ್ ಶೇಕಡಾ 15ರಿಂದ 35ರ ನಡುವೆ ಇರುವಂತೆ ಪ್ರಮಾಣ ಹೊಂದಿಸುತ್ತಾರೆ. ಅಂದರೆ ಕೆಲವು ಜೀನನ್ನು ಪೂರ್ತಿ ಸುಮ್ಮನಾಗಿಸಿದರೂ ನಡೆಯುತ್ತದೆ. ಇನ್ನು ಕೆಲವನ್ನು ಅಳೆದು ತೂಗಿ ಅರ್ಧಂಬರ್ಧ ಮಾತ್ರ ಸುಮ್ಮನಾಗಿಸಬೇಕು. ಯಾವುದಾದರೂ ಕಾಯಿಲೆಗೆ ಇಂಥ ಔಷಧಿ ಬಂತು ಎಂದು ಓದಿದಾಗ ನಾನು ಮೊದಲು ನೋಡುವುದು ಇದನ್ನೇ: ಸುಮ್ಮನಾಗಿಸುತ್ತಿರುವುದು ಯಾವ ಜೀನು, ಅದು ಇಲ್ಲದೆ ಬೆಳೆಯುವ ಮಗು ಬಾಳಬಲ್ಲದೇ? ಆ ಹುಡುಗನ ತಾಯಿಗೆ ದಾವಣಗೆರೆಯ ಹಿಮೋಫಿಲಿಯಾ ಸೊಸೈಟಿಯ ಬಗ್ಗೆ ಹೇಳಿ. ನಿಮ್ಮ ಊರಿಗೆ ದೂರವೇನಲ್ಲ.

ಮಿದುಳಿನ ಕಾಯಿಲೆಗಳಲ್ಲಿ ಈ ಎಚ್ಚರಿಕೆ ಇನ್ನೂ ಜಾಸ್ತಿ ಬೇಕು. ಲಿವರ್‌ಗೆ ಹೋಗುವ ಆ ಸಕ್ಕರೆಯ ಉಪಾಯ ಮಿದುಳಿಗೆ ನಡೆಯುವುದಿಲ್ಲ. ಅಲ್ಲಿಗೆ ಬೇರೆ ಬಗೆಯ, ಒಂಟಿ ಎಳೆಯ ಔಷಧಿಗಳನ್ನು ಬೆನ್ನುಹುರಿಯ ನೀರಿಗೆ ಸೂಜಿ ಹಾಕಿ ಕೊಡಬೇಕು. ಕೆಸಿಎನ್‌ಟಿ1 ಎಂಬ ಜೀನ್ ಅತಿಯಾಗಿ ಕೆಲಸ ಮಾಡಿ, ಹುಟ್ಟಿದಾಗಿನಿಂದಲೇ ನಿಲ್ಲದ ಫಿಟ್ಸ್ ಬರುವ ಮಕ್ಕಳಿದ್ದಾರೆ. ಅಮೆರಿಕದಲ್ಲಿ ಅಂಥ ಇಬ್ಬರು ಮಕ್ಕಳಿಗೆ ಆ ಜೀನನ್ನು ಸುಮ್ಮನಾಗಿಸುವ ಔಷಧಿ ಕೊಟ್ಟರು. ಫಿಟ್ಸ್ ಕಡಿಮೆಯಾಯಿತು. ಆದರೆ ಇಬ್ಬರ ಮಿದುಳಿನಲ್ಲೂ ನೀರು ತುಂಬಿತು. ಏಂಜಲ್‌ಮನ್ ಸಿಂಡ್ರೋಮ್ ಎಂಬ, ಮಿದುಳಿನ ಬೆಳವಣಿಗೆ ಕುಂದುವ ಹುಟ್ಟು ಕಾಯಿಲೆಯಲ್ಲಿ ತಂದೆಯಿಂದ ಬಂದ ಒಳ್ಳೆಯ ಜೀನ್ ಮಿದುಳಿನಲ್ಲಿ ತಾನಾಗಿಯೇ ಮುಚ್ಚಿಕೊಂಡಿರುತ್ತದೆ. ಅದನ್ನು ಮುಚ್ಚಿಟ್ಟಿರುವ ಆರ್‌ಎನ್‌ಎಯನ್ನು ಸುಮ್ಮನಾಗಿಸಿದರೆ ಆ ಜೀನ್ ಎಚ್ಚರಗೊಳ್ಳುತ್ತದೆ ಎನ್ನುವುದು ಅಲ್ಲಿನ ಲೆಕ್ಕ. 2020ರಲ್ಲಿ ಇಂಥ ಒಂದು ಔಷಧಿಯ ಮೊದಲ ಪರೀಕ್ಷೆಯಲ್ಲಿ ಐದು ರೋಗಿಗಳ ಕಾಲು ದುರ್ಬಲವಾಯಿತು. ಎಲ್ಲರೂ ಸುಧಾರಿಸಿಕೊಂಡರು. ಪ್ರಮಾಣ ಇಳಿಸಿ, ಕೊಡುವ ಕ್ರಮ ಬದಲಿಸಿ ಮತ್ತೆ ಶುರು ಮಾಡಿದರು. ಈಗ ಅದು ಕೊನೆಯ ಹಂತದ ಪರೀಕ್ಷೆಯಲ್ಲಿದೆ. ಈ ದಾರಿಯಲ್ಲಿ ನನಗೆ ತುಂಬಾ ಭರವಸೆ ಇದೆ. ಮಿದುಳಿನ ಔಷಧಿಗಳಿಗೆ ಲಿವರ್‌ನ ಔಷಧಿಗಳಷ್ಟು ಬೇಗ ಧೈರ್ಯ ಹೇಳಲಾರೆ, ಅಷ್ಟೇ. ಹಾಗೆಯೇ, ಎಸ್‌ಎಂಎ (ಸ್ನಾಯುಗಳು ಸೋಲುತ್ತಾ ಹೋಗುವ ಹುಟ್ಟು ಕಾಯಿಲೆ) ಇರುವ ಮಕ್ಕಳಿಗೆ 16 ಕೋಟಿ ರೂಪಾಯಿ ಇಂಜೆಕ್ಷನ್ ಎಂದು ವಾಟ್ಸಾಪಿನಲ್ಲಿ ಬರುತ್ತದಲ್ಲ, ಅದು ಈ ಜಾತಿಯದಲ್ಲ. ಅದು ಇಲ್ಲದ ಜೀನನ್ನು ಹೊಸದಾಗಿ ಕೊಡುವ ಚಿಕಿತ್ಸೆ.

ಈಗ ನೀವು ಏನು ಮಾಡಬೇಕು ಎನ್ನುವುದಕ್ಕೆ ಬರೋಣ.

ನೀರು. ಇಂಜೆಕ್ಷನ್ ಸಿಗಲಿ, ಬಿಡಲಿ, ಇವತ್ತಿನಿಂದ ಇದೇ ಮೊದಲ ಔಷಧಿ. ನಿಮ್ಮ ಮಗನ ಮೈಗಾತ್ರಕ್ಕೆ ದಿನಕ್ಕೆ ಒಂದೂವರೆಯಿಂದ ಎರಡು ಲೀಟರ್ ಬೇಕು, ಅದೂ 24 ಗಂಟೆಗೂ ಹಂಚಿ. ರಾತ್ರಿ ಮಲಗುವ ಮುಂಚೆ ಒಂದು ಸಲ, ನಡುರಾತ್ರಿ ಎಬ್ಬಿಸಿ ಒಂದು ಸಲ ಕುಡಿಸಬೇಕು. ರಾತ್ರಿ ಮೂತ್ರ ಗಟ್ಟಿಯಾದಾಗಲೇ ಹರಳು ಕಟ್ಟುವುದು. ಶಾಲೆಯಲ್ಲಿ ಟೀಚರ್ ಜೊತೆ ಮಾತಾಡಿ. ಪಾಠದ ನಡುವೆ ಬಾಟಲಿ ತೆಗೆಯಲು, ಕೇಳಿದ ತಕ್ಷಣ ಹೊರಗೆ ಹೋಗಲು ಬಿಡಬೇಕು. ವಾಂತಿಭೇದಿ ಆಗಿ ನೀರು ನಿಲ್ಲದಿದ್ದರೆ ಮನೆಮದ್ದು ಮಾಡುತ್ತಾ ಕೂರದೆ ಅದೇ ದಿನ ಆಸ್ಪತ್ರೆಗೆ ಹೋಗಿ ಡ್ರಿಪ್ ಹಾಕಿಸಿ. ಮೂತ್ರದಲ್ಲಿ ಹರಳು ಕಟ್ಟದಂತೆ ಪೊಟ್ಯಾಸಿಯಂ ಸಿಟ್ರೇಟ್ ಸಿರಪ್ ಕೊಟ್ಟಿದ್ದರೆ ತಪ್ಪಿಸಬೇಡಿ.

ಎರಡನೆಯದು ವಿಟಮಿನ್ ಬಿ6, ಅಂದರೆ ಪಿರಿಡಾಕ್ಸಿನ್. ಎಜಿಟಿ ಕಿಣ್ವ ಕೆಲಸ ಮಾಡಲು ಇದು ಬೇಕು. ಜೀನಿನ ತಪ್ಪು ಕೆಲವು ಬಗೆಯದಾಗಿದ್ದರೆ ಬಿ6 ಒಂದರಿಂದಲೇ ಆಕ್ಸಲೇಟ್ ಚೆನ್ನಾಗಿ ಇಳಿಯುತ್ತದೆ. ಕೆಲವು ರೂಪಾಯಿಯ ಮಾತ್ರೆ ಕೋಟಿ ರೂಪಾಯಿಯ ಔಷಧಿಯ ಕೆಲಸವನ್ನು ಮಾಡಿದ ಮಕ್ಕಳಿದ್ದಾರೆ. ಆದ್ದರಿಂದ ಕನಿಷ್ಠ ಮೂರು ತಿಂಗಳು ಕೊಟ್ಟು, ಮೊದಲೂ ಆಮೇಲೂ ಮೂತ್ರದ ಆಕ್ಸಲೇಟ್ ಅಳೆದು ನೋಡಲೇಬೇಕು. ಜೀನ್ ಟೆಸ್ಟ್ ವರದಿಯಲ್ಲಿ ಯಾವ ಬದಲಾವಣೆ ಎಂದು ಬರೆದಿದ್ದಾರೋ ಅದನ್ನು ತೋರಿಸಿ ‘ಇದು ಬಿ6ಗೆ ಬಗ್ಗುವ ಜಾತಿಯೇ?’ ಎಂದು ಕೇಳಿ. ಪ್ರಮಾಣ ನೀವೇ ಹೆಚ್ಚಿಸಬೇಡಿ. ಅತಿಯಾದರೆ ಬಿ6 ನರಗಳಿಗೆ ತೊಂದರೆ ಕೊಡುತ್ತದೆ. ದಿನಪೂರ್ತಿ ಮೂತ್ರ ಹಿಡಿದು ಕೊಡುವಾಗ ಲ್ಯಾಬಿನವರು ಆ್ಯಸಿಡ್ ಹಾಕಿದ ಕ್ಯಾನ್ ಕೊಡುತ್ತಾರೆ. ಅದನ್ನು ಮಗುವಿನ ಕೈಗೆ ಸಿಗದಂತೆ ಇಡಿ, ಒಂದು ಸಲದ ಮೂತ್ರವನ್ನೂ ಬಿಡಬೇಡಿ. ಲೆಕ್ಕ ತಪ್ಪಿದರೆ ಔಷಧಿ ಹತ್ತಿತೋ ಇಲ್ಲವೋ ಎನ್ನುವುದೇ ತಿಳಿಯುವುದಿಲ್ಲ.

ಊಟದ ವಿಷಯದಲ್ಲಿ ಸುಮ್ನೆ ಮಗುವನ್ನು ಬಳಲಿಸಬೇಡಿ. ಇಲ್ಲಿ ಆಕ್ಸಲೇಟ್ ಬರುವುದು ಲಿವರ್‌ನಿಂದ, ತಟ್ಟೆಯಿಂದಲ್ಲ. ಪಾಲಕ್‌ನಂಥ ಸೊಪ್ಪು ದಿನಾ ಬೇಡ, ಅಷ್ಟು ಸಾಕು. ಕಲ್ಲಾಗುತ್ತದೆ ಎಂದು ಹಾಲು ಮೊಸರು ಬಿಡಿಸಬೇಡಿ, ಕ್ಯಾಲ್ಸಿಯಂ ಕಡಿಮೆಯಾದರೆ ಕರುಳಿನಿಂದ ಆಕ್ಸಲೇಟ್ ಇನ್ನೂ ಹೆಚ್ಚು ಒಳಗೆ ಬರುತ್ತದೆ. ವಿಟಮಿನ್ ಸಿ ಮಾತ್ರೆ ಬೇಡ, ಅದು ದೇಹದಲ್ಲಿ ಆಕ್ಸಲೇಟ್ ಆಗುತ್ತದೆ. ಬಾಳೆದಿಂಡಿನ ರಸ ಕುಡಿಸಿ ಎಂದು ಎಲ್ಲರೂ ಹೇಳಿರುತ್ತಾರೆ. ಅದು ಈ ಕಾಯಿಲೆಯನ್ನು ವಾಸಿ ಮಾಡುವುದಿಲ್ಲ. ದಾರೆಹುಳಿ, ಬಿಂಬುಳಿ ರಸವನ್ನಂತೂ ಯಾರು ಹೇಳಿದರೂ ಕೊಡಬೇಡಿ. ಬಿಂಬುಳಿ ರಸ ಕುಡಿದು, ಅದರ ಆಕ್ಸಲೇಟಿನಿಂದಲೇ ಆರೋಗ್ಯವಂತರ ಕಿಡ್ನಿ ಕೆಟ್ಟದ್ದನ್ನು ಕೇರಳದ ವೈದ್ಯರು ವರದಿ ಮಾಡಿದ್ದಾರೆ.

ಇಂಜೆಕ್ಷನ್ ಪಡೆಯುವ ದಾರಿ ಕಷ್ಟದ್ದು, ನಿಜ ಹೇಳಬೇಕು. ಅಮೆರಿಕದಲ್ಲಿ ಇದರ ಪಟ್ಟಿ ಬೆಲೆ ವರ್ಷಕ್ಕೆ ಸುಮಾರು ಐದು ಲಕ್ಷ ಡಾಲರ್, ನಮ್ಮ ಲೆಕ್ಕದಲ್ಲಿ ನಾಲ್ಕು ಕೋಟಿ ರೂಪಾಯಿಗೂ ಹೆಚ್ಚು. ನಮ್ಮ ದೇಶದ ಅಪರೂಪದ ಕಾಯಿಲೆಗಳ ನೀತಿ 2021ರಲ್ಲಿ ಬಂತು. ಅದರ ಅಡಿಯಲ್ಲಿ ಒಬ್ಬ ರೋಗಿಗೆ 50 ಲಕ್ಷ ರೂಪಾಯಿವರೆಗೆ ನೆರವು ಇದೆ. ಜೀವನಪೂರ್ತಿ ಬೇಕಾದ ಇಂಥ ಔಷಧಿಗೆ ಅದು ಎರಡು ತಿಂಗಳಿಗೂ ಸಾಲದು. ಈ ಔಷಧಿಯ ಬೆಲೆ ಇಳಿಯಬೇಕು, ನೆರವಿನ ಮಿತಿ ಏರಬೇಕು. ಎರಡನ್ನೂ ಕೇಳುವ ಹಕ್ಕು ನಿಮ್ಮಂಥ ತಂದೆತಾಯಿಗೆ ಇದೆ. ಸದ್ಯಕ್ಕೆ ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಮತ್ತು ಇಂದಿರಾಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಸೇರಿ ನಡೆಸುವ ಅಪರೂಪದ ಕಾಯಿಲೆಗಳ ಕೇಂದ್ರದಲ್ಲಿ ಮಗನ ಹೆಸರು ನೋಂದಾಯಿಸಿ. ನೀತಿಯ ಪಟ್ಟಿಯಲ್ಲಿ ಯಾವ ಗುಂಪಿಗೆ ಸೇರಿಸುತ್ತಾರೆ ಎಂದು ಅಲ್ಲೇ ಬರವಣಿಗೆಯಲ್ಲಿ ಕೇಳಿ. ಔಷಧಿ ಕಂಪನಿಗೆ ಉಚಿತ ನೆರವಿಗಾಗಿ ಬರೆಯಬೇಕಾದರೆ ಅರ್ಜಿ ನಿಮ್ಮ ಡಾಕ್ಟರ್ ಕಡೆಯಿಂದಲೇ ಹೋಗಬೇಕು. ಹೊರದೇಶದಿಂದ ಸ್ವಂತ ಬಳಕೆಗೆ ತರಿಸಲು ಕೇಂದ್ರದ ಔಷಧ ನಿಯಂತ್ರಣ ಸಂಸ್ಥೆಯ ಪರವಾನಗಿ ಬೇಕು. 12ಎ ನಮೂನೆಯಲ್ಲಿ ಅರ್ಜಿ, 12ಬಿಯಲ್ಲಿ ಪರವಾನಗಿ. ನೀತಿಯ ಪಟ್ಟಿಯಲ್ಲಿರುವ ಕಾಯಿಲೆಗಳಿಗೆ ಹೀಗೆ ತರಿಸುವ ಔಷಧಿಗೆ 2023ರಿಂದ ಮೂಲ ಕಸ್ಟಮ್ಸ್ ಸುಂಕ ಇಲ್ಲ. ಬೆಂಗಳೂರಿನಲ್ಲೇ ಇರುವ ಅಪರೂಪದ ಕಾಯಿಲೆಗಳ ಸಂಸ್ಥೆ ಒಆರ್‌ಡಿಐ ಇಂಥ ಕುಟುಂಬಗಳ ಜೊತೆ ಕೆಲಸ ಮಾಡುತ್ತದೆ, ಅವರನ್ನೂ ಸಂಪರ್ಕಿಸಿ.

ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಕೊನೆಯಲ್ಲಿ ಬರೆದ ಮಗಳ ವಿಷಯ. ಅವಳಿಗೆ ಏನೂ ತೊಂದರೆ ಕಾಣುತ್ತಿಲ್ಲ ಎಂದು ತಡ ಮಾಡಬೇಡಿ. ಈ ಕಾಯಿಲೆ ಕೂಸುಗಳಲ್ಲಿ ಕಲ್ಲಿನ ನೋವೇ ಇಲ್ಲದೆ, ತೂಕ ಏರದಿರುವುದರಲ್ಲಿ ಮಾತ್ರ ಕಾಣಿಸಿಕೊಂಡು, ವರ್ಷ ತುಂಬುವ ಮುಂಚೆಯೇ ಕಿಡ್ನಿ ಸೋಲಿಸಿದ ಉದಾಹರಣೆಗಳಿವೆ. ಅಷ್ಟು ಚಿಕ್ಕ ಮಗುವಿನ ಮೂತ್ರದ ಆಕ್ಸಲೇಟ್ ಸಹಜವಾಗಿಯೇ ಜಾಸ್ತಿ ಇರುವುದರಿಂದ ಬರೀ ಮೂತ್ರ ಪರೀಕ್ಷೆಯಿಂದ ಗೊಂದಲವಾಗಬಹುದು. ಮಗನ ವರದಿಯಲ್ಲಿ ಸಿಕ್ಕ ಅದೇ ಬದಲಾವಣೆ ಅವಳಲ್ಲೂ ಇದೆಯೇ ಎಂದು ಸ್ವಲ್ಪ ರಕ್ತದಲ್ಲಿ ನೋಡಿದರೆ ಸಾಕು. ಇಡೀ ಜೀನ್ ಟೆಸ್ಟ್ ಬೇಡ, ಖರ್ಚೂ ಕಡಿಮೆ. ಜೊತೆಗೆ ಕಿಡ್ನಿಯ ಅಲ್ಟ್ರಾಸೌಂಡ್ ಮತ್ತು ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಎಂದು ತೋರಿಸುವ ರಕ್ತದ ಕ್ರಿಯಾಟಿನಿನ್ ಪರೀಕ್ಷೆ. ಮಗನ ಮುಂದಿನ ಭೇಟಿಗೆ ಕಾಯದೆ, ಈ ವಾರವೇ ಅವಳನ್ನು ಕರೆದುಕೊಂಡು ಹೋಗಿ. ಹೋಗುವಾಗ ಮಗನ ಜೀನ್ ಟೆಸ್ಟ್ ವರದಿಯ ಎಲ್ಲ ಪುಟಗಳೂ ಕೈಯಲ್ಲಿರಲಿ.